ಕೆಲಸದ ಟೆನ್ಷನ್‌ಗೆ ಬಿಪಿ, ಎದೆ ಉರಿ ಎಲ್ಲಾ ಬರುತ್ತಾ?

ತೀರ್ಥಹಳ್ಳಿಯವ:
ವಯಸ್ಸು 34. ಒಂದು ಫೈನಾನ್ಸ್‌ನಲ್ಲಿ ಸಾಲ ವಸೂಲಿ ಕೆಲಸ. ಆಗುಂಬೆ, ಕೊಪ್ಪ ಕಡೆಯೆಲ್ಲ ಬೈಕಲ್ಲೇ ತಿರುಗಬೇಕು. ಅಡಿಕೆಗೆ ಕೊಳೆ ಬಂದು ಜನರ ಹತ್ತಿರ ದುಡ್ಡಿಲ್ಲ, ಆದರೂ ಬೆಳಿಗ್ಗೆ ಏಳಕ್ಕೇ ಮ್ಯಾನೇಜರ್ ಫೋನ್ ಶುರು, ಸಂಜೆ ಕಲೆಕ್ಷನ್ ಎಷ್ಟಾಯಿತು ಅಂತ ವಾಟ್ಸಾಪ್ ಗ್ರೂಪಲ್ಲಿ ಎಲ್ಲರ ಎದುರು ಕೇಳುತ್ತಾರೆ. ಫೋನ್ ರಿಂಗಾದರೆ ಸಾಕು, ಹೊಟ್ಟೆ ಕಿವುಚುತ್ತದೆ, ಎದೆ ಉರಿಯುತ್ತದೆ. ಕತ್ತು ಹಿಡಿದುಕೊಂಡೇ ಇರುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬಿಪಿ 150/96 ಬಂತು, ಇಸಿಜಿ ನಾರ್ಮಲ್. ಮನೆಯಲ್ಲಿ ಗ್ಯಾಸ್ಟ್ರಿಕ್ ಅಷ್ಟೇ, ಸುಮ್ನೆ ಯೋಚನೆ ಮಾಡಬೇಡ ಅಂತಾರೆ. ಬರೀ ಚಿಂತೆಗೆ ಮೈಗೆ ಇಷ್ಟೆಲ್ಲ ಆಗುತ್ತಾ?

ಶಿವಮೊಗ್ಗ ನರ್ಸ್:
ಖಂಡಿತ ಆಗುತ್ತದೆ. ಘಾಟಿ ತಿರುವಿನಲ್ಲಿ ಬಸ್ಸು ದಿಢೀರ್ ಎದುರಾದಾಗ ಎದೆ ಹೊಡೆದುಕೊಳ್ಳುತ್ತದಲ್ವಾ, ಮ್ಯಾನೇಜರ್ ಫೋನಿಗೂ ಮೈ ಮಾಡುವುದು ಅದನ್ನೇ. ಅಡ್ರಿನಲಿನ್, ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನುಗಳು ಏರುತ್ತವೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಮೇಲೆ ಹೋಗುತ್ತದೆ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಕತ್ತು ಭುಜದ ಸ್ನಾಯು ಗಟ್ಟಿಯಾಗುತ್ತದೆ. ಬಸ್ಸು ಹೋದರೆ ಎಲ್ಲ ಇಳಿಯುತ್ತದೆ. ನಿಮ್ಮ ಫೋನ್ ನಿಲ್ಲುವುದೇ ಇಲ್ಲ, ಹಾಗಾಗಿ ಮೈಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ.
ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದು ಇಸಿಜಿ ನಾರ್ಮಲ್ ಬಂತು ಅಂತ ಹೃದಯದ ಪರೀಕ್ಷೆ ಮುಗಿಯಿತು ಅಂದುಕೊಳ್ಳಬೇಡಿ. ಗುಡ್ಡ ಹತ್ತುವಾಗ ಎದೆ ಹಿಡಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ ಸೋಡಾ ಕುಡಿದು ಕಾಯಬೇಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. ಬಿಪಿಯನ್ನು ಬೇರೆ ಬೇರೆ ದಿನ, ಐದು ನಿಮಿಷ ಸುಮ್ಮನೆ ಕೂತು ನೋಡಿ, ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಗುಟ್ಕಾ, ಸಿಗರೇಟು ಇದ್ದರೆ ಬಿಡಿ, ನಿಕೋಟಿನ್‌ಗೂ ಬಿಪಿ ಏರುತ್ತದೆ.

ಸಾಗರದವಳು:
ಪ್ರಾಣಾಯಾಮ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ರೋಗದ ಮೂಲ ನಿಮ್ಮ ಮನಸ್ಸಲ್ಲ, ಆ ಕೆಲಸದ ರೀತಿ. ವಸೂಲಿ ಏಜೆಂಟರು ಸಾಲಗಾರರಿಗೆ ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ನಿಮಗೆ ಮಾತ್ರ ಏಳಕ್ಕೇ ಫೋನ್! ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಅಪಾಯ 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಿಮ್ಮ ಗಂಟೆ ಲೆಕ್ಕ ಹಾಕಿ ನೋಡಿ. ಡಾಕ್ಟರ್ ಚೀಟಿ ಇಟ್ಟುಕೊಂಡು ಮ್ಯಾನೇಜರ್ ಹತ್ತಿರ ಮಾತಾಡಿ, ಒಪ್ಪದಿದ್ದರೆ ಬೇರೆ ಕೆಲಸ ಹುಡುಕಲು ಈಗಲೇ ಶುರು ಮಾಡಿ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತೀರ್ಥಹಳ್ಳಿಯವ:
ತುಂಬಾ ಉಪಕಾರ ಆಯ್ತು. ಬಿಪಿ ಮಷಿನ್ ಮಣಿಕಟ್ಟಿಗೆ ಕಟ್ಟುವುದು ಸಾಕಾ?

ಶಿವಮೊಗ್ಗ ನರ್ಸ್:
ಬೇಡ, ತೋಳಿಗೆ ಕಟ್ಟುವುದೇ ತಗೊಳ್ಳಿ.