ಚಳಿಗಾಲದಲ್ಲಿ ಮನೆ ಕೊಳ್ಳುತ್ತಿದ್ದೇವೆ, ಎಸಿ ಸರಿಯಿದೆಯಾ ಅಂತ ತಿಳಿಯೋದು ಹೇಗೆ? (ನ್ಯೂಜೆರ್ಸಿ)

ಶಿವಮೊಗ್ಗ_ಎಡಿಸನ್:
ಎಲ್ಲರಿಗೂ ನಮಸ್ಕಾರ. ಎಡಿಸನ್ ಹತ್ತಿರ 1958ರ ಮನೆಯೊಂದು ಒಪ್ಪಿಗೆಯಾಗಿದೆ. ಮುಂದಿನ ವಾರ ಇನ್ಸ್‌ಪೆಕ್ಷನ್, ಅಂದರೆ ಕೊಳ್ಳುವ ಮೊದಲು ಮನೆಯ ತಪಾಸಣೆ. ಗ್ಯಾಸ್ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ಇದೆ, ಅದರ ಗಾಳಿ ಹೋಗುವ ಡಕ್ಟ್‌ನಲ್ಲೇ (ಗಾಳಿ ಕೊಳವೆ) ಸೆಂಟ್ರಲ್ ಎಸಿ. ಹೊರಗೆ 30 ಡಿಗ್ರಿ ಫ್ಯಾರನ್‌ಹೀಟ್ ಚಳಿ, ಎಸಿ ಹಾಕಿ ನೋಡೋಕೆ ಆಗಲ್ಲ ಅಂತ ಇನ್ಸ್‌ಪೆಕ್ಟರ್ ಮೊದಲೇ ಹೇಳಿಬಿಟ್ಟರು. ಮಾರುವವರು "ಹೋದ ಬೇಸಿಗೆಯಲ್ಲಿ ಚೆನ್ನಾಗಿತ್ತು" ಅನ್ನುತ್ತಾರೆ. ನಂಬಬಹುದಾ? ಮಹಡಿ ಮೇಲಿನ ಮೂಲೆ ಕೋಣೆ ಬೇರೆ ತಣ್ಣಗಿತ್ತು. ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರುತ್ತಾರೆ, ಅವರಿಗೆ ಅದೇ ಕೋಣೆ.

ಫರ್ನೇಸ್_ರಿಪೇರಿ:
ಇನ್ಸ್‌ಪೆಕ್ಟರ್ ಹೇಳಿದ್ದು ಸರಿ. ಹೊರಗೆ ಸುಮಾರು 60 ಡಿಗ್ರಿಗಿಂತ ಕಡಿಮೆ ಇದ್ದಾಗ ಎಸಿ ಓಡಿಸಿದರೆ ಕಂಪ್ರೆಸರ್ ಹಾಳಾಗಬಹುದು. ಒತ್ತಾಯ ಮಾಡಬೇಡಿ. ಹೊರಗಿನ ಯೂನಿಟ್ ಮೇಲಿರುವ ಲೇಬಲ್ ಓದಿ. ತಯಾರಾದ ವರ್ಷ ಅಲ್ಲೇ ಇರುತ್ತದೆ, ಇಲ್ಲವಾದರೆ ಸೀರಿಯಲ್ ನಂಬರ್‌ನಿಂದ ಗೊತ್ತಾಗುತ್ತದೆ. ಎಸಿಯೊಳಗೆ ತಂಪು ಮಾಡುವ ಗ್ಯಾಸ್ ಯಾವುದು ಅಂತಲೂ ನೋಡಿ. ಆರ್-22 ಅಂತಿದ್ದರೆ ಹುಷಾರು. 2020ರ ಜನವರಿಯಿಂದ ಅಮೆರಿಕದಲ್ಲಿ ಅದರ ತಯಾರಿಕೆ, ಆಮದು ಎರಡೂ ನಿಂತಿವೆ. ಹಳೇ ದಾಸ್ತಾನು, ಇಲ್ಲವೇ ಹಳೇ ಯಂತ್ರದಿಂದ ತೆಗೆದು ಶುದ್ಧ ಮಾಡಿದ್ದು ಮಾತ್ರ ಸಿಗುತ್ತದೆ. ಸೋರಿಕೆ ಶುರುವಾದರೆ ಖರ್ಚು ಜಾಸ್ತಿ. ಅಂಥ ಎಸಿ ಇವತ್ತು ಓಡುತ್ತಿದ್ದರೂ ಬದಲಿಸಬೇಕಾದದ್ದು ಅಂತಲೇ ಲೆಕ್ಕ ಹಾಕಿ, ಬೆಲೆ ಮಾತಾಡಿ.

ಫರ್ನೇಸ್ ಮಾತ್ರ ಈಗಲೇ ಚೆನ್ನಾಗಿ ಪರೀಕ್ಷೆ ಮಾಡಬಹುದು, ಚಳಿ ಇರುವುದೇ ಒಳ್ಳೆಯದಾಯಿತು. ಹೋಂ ಇನ್ಸ್‌ಪೆಕ್ಟರ್ ಅದನ್ನು ಬಿಚ್ಚಿ ನೋಡುವುದಿಲ್ಲ. ದುಡ್ಡು ಕೊಟ್ಟು ಬೇರೆ ಟೆಕ್ನಿಷಿಯನ್ ಕರೆಸಿ. ಉರಿ ನೀಲಿಯಾಗಿ, ನೆಟ್ಟಗೆ ಇರಬೇಕು. ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಶುರುವಾದ ಕ್ಷಣಕ್ಕೆ ಉರಿ ಓಲಾಡಿದರೆ, ಉರಿಯ ಹೊಗೆಯನ್ನು ಮನೆಯ ಗಾಳಿಯಿಂದ ಬೇರೆ ಇಡುವ ಲೋಹದ ಭಾಗ, ಅಂದರೆ ಹೀಟ್ ಎಕ್ಸ್‌ಚೇಂಜರ್, ಬಿರುಕು ಬಿಟ್ಟಿರಬಹುದು. ಹಾಗಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯ ಗಾಳಿಗೆ ಸೇರುವ ಭಯ. ದಯವಿಟ್ಟು ಇದೊಂದನ್ನು ಬಿಡಬೇಡಿ.

ತಣ್ಣನೆ ಕೋಣೆಯಲ್ಲಿ ಗಾಳಿ ಬರುವ ಕಿಂಡಿಗೆ (ವೆಂಟ್) ಟಿಶ್ಯೂ ಹಿಡಿದು ನೋಡಿ. ಅದು ಅಲುಗಾಡದಿದ್ದರೆ ಟೆಕ್ನಿಷಿಯನ್‌ನನ್ನು ಅಟ್ಟ ಹತ್ತಿಸಿ ಡಕ್ಟ್ ನೋಡಿಸಿ.

ಪಾರ್ಸಿಪನಿ_ಅಕ್ಕ:
1958ರ ಮನೆ ಅಂದಿರಿ. ಆಗ ಇಲ್ಲಿ ಎಷ್ಟೋ ಮನೆಗಳಲ್ಲಿ ಎಣ್ಣೆ ಉರಿಸಿಯೇ ಬಿಸಿ ಮಾಡುತ್ತಿದ್ದರು, ಟ್ಯಾಂಕ್ ನೆಲದಡಿ ಹೂಳುತ್ತಿದ್ದರು. ಗ್ಯಾಸ್‌ಗೆ ಬದಲಾದ ಮೇಲೂ ಟ್ಯಾಂಕ್ ಅಲ್ಲೇ ಉಳಿದಿರಬಹುದು. ಸೋರಿ ಮಣ್ಣು ಕೆಟ್ಟಿದ್ದರೆ ಅದನ್ನು ಶುದ್ಧ ಮಾಡಿಸುವ ಹೊರೆ ಹೊಸ ಮಾಲೀಕರಾದ ನಿಮ್ಮ ಮೇಲೆ ಬೀಳುತ್ತದೆ. ಬೇಸ್‌ಮೆಂಟ್‌ನಲ್ಲಿ ಗೋಡೆಯ ಬುಡ ನೋಡಿ, ಟ್ಯಾಂಕ್‌ನಿಂದ ಎಣ್ಣೆ ತರುತ್ತಿದ್ದ ಸಣ್ಣ ತಾಮ್ರದ ಕೊಳವೆ ಕತ್ತರಿಸಿ ಬಿಟ್ಟಿದ್ದಾರಾ ಅಂತ. ಕೊಳವೆ ಕಾಣದಿದ್ದರೂ ಟ್ಯಾಂಕ್ ಸ್ವೀಪ್ ಮಾಡಿಸಿ, ಅಂದರೆ ನೆಲದಡಿ ಟ್ಯಾಂಕ್ ಇದೆಯಾ ಅಂತ ಯಂತ್ರದಿಂದ ಹುಡುಕಿಸಿ.

ಶಿವಮೊಗ್ಗ_ಎಡಿಸನ್:
ಅಕ್ಕ, ನೀವು ಹೇಳಿದ ಹಾಗೇ ಇತ್ತು! ವಾಷರ್ ಹಿಂದೆ ಎರಡು ತಾಮ್ರದ ಕೊಳವೆ. ತುದಿ ಚಪ್ಪಟೆ ಮಾಡಿ, ಮೇಲೆ ಗೋಡೆಯದೇ ಬಣ್ಣ ಬಳಿದಿದ್ದಾರೆ. ನಾನು ಎರಡು ಸಲ ನೋಡಿದಾಗಲೂ ಕಣ್ಣಿಗೆ ಬಿದ್ದಿರಲಿಲ್ಲ. ಸ್ವೀಪ್‌ನಲ್ಲಿ ಗುಲಾಬಿ ಗಿಡಗಳ ಕೆಳಗೆ ಟ್ಯಾಂಕ್ ಗುರುತು ಸಿಕ್ಕಿತು.

ಫರ್ನೇಸ್ ಉರಿ ನೀಲಿ, ಬಿರುಕು ಇಲ್ಲ. ಎಸಿ 2005ರದ್ದು, ಆರ್-22. ಮೂಲೆ ಕೋಣೆಯ ಡಕ್ಟ್ ಅಟ್ಟದಲ್ಲಿ ಕಳಚಿಕೊಂಡು ಬಿಸಿ ಗಾಳಿಯೆಲ್ಲ ಅಲ್ಲೇ ಹೋಗುತ್ತಿತ್ತು, ಅದು ಸಣ್ಣ ರಿಪೇರಿ. ಮಾರುವವರೇ ಪರ್ಮಿಟ್ ತೆಗೆದುಕೊಂಡು ಟ್ಯಾಂಕ್ ತೆಗೆಸಿ, ಮಣ್ಣು ಪರೀಕ್ಷೆಯ ವರದಿ ಕೊಡಬೇಕು, ಎಸಿಗೆ ಬೆಲೆ ಇಳಿಸಬೇಕು ಅಂತ ಲಾಯರ್ ಇವತ್ತು ಪತ್ರ ಕಳಿಸಿದ್ದಾರೆ. ಒಪ್ಪದಿದ್ದರೆ ಈ ಮನೆ ಬಿಡುತ್ತೇವೆ. ಉತ್ತರ ಬಂದ ತಕ್ಷಣ ಇಲ್ಲೇ ಬರೆಯುತ್ತೇನೆ.