ಕೈ ಬೀಸದವನ ಹೆಜ್ಜೆ ಲೆಕ್ಕ

"ಲೋ ಸೀನ, ಕೂತ್ಕೊಂಡು ಮಾತಾಡೋ. ನಿನ್ನ ನೋಡಿ ನೋಡಿ ಕತ್ತು ಉಳುಕ್ತು" ಅಂದ ರಾಗಣ್ಣ.

ಸೀನ ಕೂರಲಿಲ್ಲ. ಪಾರ್ಕಿನ ಬೆಂಚಿಗೆ ಪ್ರದಕ್ಷಿಣೆ ಹಾಕುತ್ತಲೇ ಇದ್ದ. ಬೆಂಚಿನ ನಡುವೆ ಮೂರ್ತಿ ಕೂತಿದ್ದರಿಂದ ಪ್ರದಕ್ಷಿಣೆಗೆ ಒಂದು ಅರ್ಥವೂ ಇತ್ತು.

"9,412 ಆಗಿದೆ. ಇನ್ನು 588. ಲೆಕ್ಕ ತಪ್ಪಿಸಬೇಡ."

"ಲೆಕ್ಕ ಮಾಡ್ತಿರೋದು ವಾಚು, ನಿಂದೇನು ತಪ್ಪೋದು? ಅರ್ಧ ಮಾತು ಮುಂದೆ ಹೇಳ್ತೀಯ, ಮಿಕ್ಕರ್ಧ ಬೆನ್ನ ಹಿಂದೆ ಹೇಳ್ತೀಯ. ಸ್ನೇಹಿತರು ಬೆನ್ನ ಹಿಂದೆ ಮಾತಾಡ್ತಾರೆ ಅಂತ ಗೊತ್ತಿತ್ತು, ಇಷ್ಟು ಹತ್ತಿರದಿಂದ ಅಂತ ಗೊತ್ತಿರಲಿಲ್ಲ."

ವಿಶ್ವ ನಕ್ಕ. ನಗುವಾಗ ಅವನ ಕೈ ತಾನಾಗಿಯೇ ಅಂಗಿಯ ತೋಳೆಳೆದು ವಾಚನ್ನು ಮುಚ್ಚಿಕೊಂಡಿತು. ರಾಗಣ್ಣನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಮುಚ್ಚಬೇಡ, ನನ್ನ ಕೈಗೂ ಒಂದು ಕಟ್ಟಿದ್ದಾರೆ" ಅಂತ ರಾಗಣ್ಣ ತನ್ನ ಮಣಿಕಟ್ಟು ಎತ್ತಿ ತೋರಿಸಿದ. "ಮಗಳು ಒಂದು ಆ್ಯಪ್ ಹಾಕಿ ಮನೆಯ ನಾಲ್ಕೂ ಜನರನ್ನ ಅದರೊಳಗೆ ಸೇರಿಸಿದ್ದಾಳೆ. ರಾತ್ರಿ ಹತ್ತಕ್ಕೆ ಪಟ್ಟಿ ಬರುತ್ತೆ. ಮೊದಲು ಹೆಂಡತಿ, ಆಮೇಲೆ ಮಗಳು, ಆಮೇಲೆ ಮಗ. ನಾನು ನಾಲ್ಕನೇ ರ‍್ಯಾಂಕು. ಸ್ಕೂಲಲ್ಲಿ ನಲವತ್ತನೇ ರ‍್ಯಾಂಕು ಬಂದಾಗಲೂ ಇಷ್ಟು ಅವಮಾನ ಆಗಿರಲಿಲ್ಲ ಕಣ್ರೋ. ಅಲ್ಲಿ ನನ್ನ ಹಿಂದೆ ಇನ್ನಿಬ್ಬರಾದರೂ ಇದ್ದರು."

"ನಿನ್ನ ಮಗ ಮಂಚ ಬಿಟ್ಟು ಏಳೋದೇ ಇಲ್ಲ ಅಂತಿದ್ದೆ. ಅವನು ಹೇಗೆ ನಿನಗಿಂತ ಮುಂದೆ?"

"ಗೇಮ್ ಆಡ್ತಾನಲ್ಲ, ಸೋತಾಗ ದಿಂಬಿಗೆ ಗುದ್ದುತ್ತಾನೆ. ಒಂದು ಮ್ಯಾಚ್ ಸೋತರೆ ಅರ್ಧ ಕಿಲೋಮೀಟರು."

ಮೂರ್ತಿ ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡನೆಂದರೆ ಒಂದು ಇಸವಿ ಅಥವಾ ಒಂದು ತತ್ತ್ವ ಹೊರಬೀಳುವುದು ಖಾತ್ರಿ. "ವಾಚಿಗೆ ಕಾಲು ಕಾಣಲ್ಲಪ್ಪ. ಒಳಗೆ ಆಕ್ಸೆಲೆರೋಮೀಟರ್ ಅಂತ ಒಂದು ಚೂರು ಚಿಪ್ ಇರುತ್ತೆ. ಕೈ ಒಂದೇ ಲಯದಲ್ಲಿ ಅಲ್ಲಾಡಿದರೆ, ಓಹೋ ಈ ಪುಣ್ಯಾತ್ಮ ನಡೀತಿದ್ದಾನೆ ಅಂದ್ಕೊಳ್ಳುತ್ತೆ."

"ಹಾಗಾದರೆ ನಮ್ಮ ಮನೆಯವಳು ಹೇಗೆ ಫಸ್ಟು ಅಂತ ಈಗ ಗೊತ್ತಾಯ್ತು. ನನಗೆ ಬುದ್ಧಿ ಹೇಳೋವಾಗ ಅವಳ ಕೈ ನೋಡಬೇಕು ನೀವು. ಬರೀ ನನ್ನಿಂದಾನೇ ಅವಳಿಗೆ ದಿನಕ್ಕೆ ಎಂಟುನೂರು ಹೆಜ್ಜೆ ಲಾಭ. ನಾನು ತಲೆ ಆಡಿಸ್ತಾ ಕೂತಿರ್ತೀನಿ. ವಾಚನ್ನ ತಲೆಗೆ ಕಟ್ಟೋ ಹಾಗಿದ್ದಿದ್ರೆ ಮನೇಲಿ ನನ್ನನ್ನ ಮೀರಿಸೋರು ಇರ್ತಿರಲಿಲ್ಲ."

"9,580" ಅಂತ ಬೆಂಚಿನ ಹಿಂದಿನಿಂದ ಸೀನನ ದನಿ ಬಂತು. "ನಗಿ, ನಗಿ. ಹತ್ತು ಸಾವಿರ ಹೆಜ್ಜೆ ಅಂತ ಡಾಕ್ಟರುಗಳು ಸುಮ್ಮನೆ ಹೇಳ್ತಾರಾ?"

"ಡಾಕ್ಟರು ಹೇಳಿದ್ದಲ್ಲ" ಅಂದ ಮೂರ್ತಿ. "1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ಆಯ್ತು. ಜಪಾನಿನಲ್ಲಿ ಜನಕ್ಕೆ ವ್ಯಾಯಾಮದ ಹುಚ್ಚು ಹಿಡೀತು. ಮರುವರ್ಷ, 1965ರಲ್ಲಿ, ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಹೆಜ್ಜೆ ಎಣಿಸೋ ಯಂತ್ರ ಮಾಡಿ ಮಾನ್‌ಪೋ‌ಕೇ ಅಂತ ಹೆಸರಿಟ್ಟಿತು. ಮಾನ್ ಅಂದ್ರೆ ಹತ್ತು ಸಾವಿರ, ಪೋ ಅಂದ್ರೆ ಹೆಜ್ಜೆ, ಕೇ ಅಂದ್ರೆ ಮೀಟರು. ಮಾಲಿನ ಹೆಸರೇ ಇವತ್ತು ವೈದ್ಯಶಾಸ್ತ್ರ ಆಗಿ ಕೂತಿದೆ."

"ಅಯ್ಯೋ ಶಿವನೇ" ಅಂದ ರಾಗಣ್ಣ. "ನಾಲಿಗೆಗೆ ಹಗುರವಾಗಲಿ ಅಂತ ಇಟ್ಟ ಹೆಸರು ಅರವತ್ತು ವರ್ಷದಿಂದ ನಮ್ಮ ಕಾಲಿಗೆ ಭಾರವಾಗಿದೆ ನೋಡು. ಯಂತ್ರಕ್ಕೆ ಅವನು ತನ್ನ ಹೆಂಡತಿ ಹೆಸರಿಟ್ಟಿದ್ದಿದ್ರೆ ಈ ಸೀನ ಈಗ ನಮ್ಮ ಜತೆ ಕೂತಿರ್ತಿದ್ದ."

"2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ಅಧ್ಯಯನ ಮಾಡಿದ್ರು. ಹದಿನಾರು ಸಾವಿರಕ್ಕೂ ಹೆಚ್ಚು ಜನ, ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಇಡೋರಿಗಿಂತ 4,400 ಇಡೋರಲ್ಲಿ ಸಾವು ಎಷ್ಟೋ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ."

"ಅದು ಅಜ್ಜಿಯರ ಲೆಕ್ಕ, ನಾನೇನು ಅಜ್ಜಿಯಾ?" ಅಂತ ಸೀನ ಗುರ್ ಅಂದ. ಮೊಣಕಾಲಿನ ಮೇಲೆ ಒಂದು ಕೈ ಇಟ್ಟುಕೊಂಡು ಸುತ್ತುತ್ತಿದ್ದವನ ಆ ಪ್ರಶ್ನೆಗೆ ಉತ್ತರ ಕೊಡುವ ಮನಸ್ಸು ಯಾರಿಗೂ ಬರಲಿಲ್ಲ.

ವಿಶ್ವನಿಗೆ ತನ್ನ ದುಃಖ ಹೇಳಿಕೊಳ್ಳಲು ಈಗ ಧೈರ್ಯ ಬಂತು. ಅವನದು ಆಪಲ್ ವಾಚು. ಆ ಗಂಟೆಯಲ್ಲಿ ಒಮ್ಮೆಯೂ ಎದ್ದಿಲ್ಲವೆಂದರೆ, ಗಂಟೆ ಮುಗಿಯಲು ಹತ್ತು ನಿಮಿಷ ಇರುವಾಗ ಕೈ ತಟ್ಟಿ ಎದ್ದು ನಿಲ್ಲು ಅನ್ನುತ್ತದೆ. ಹೋದ ವಾರ ಮೀಟಿಂಗಿನಲ್ಲಿ ತಟ್ಟಿತು. ಇವನು ವಿಧೇಯನಾಗಿ ಎದ್ದು ನಿಂತ. ಅದೇ ಕ್ಷಣಕ್ಕೆ ಸರಿಯಾಗಿ ಬಾಸು, ಶನಿವಾರ ಭಾನುವಾರ ಬಂದು ಕೆಲಸ ಮುಗಿಸಿಕೊಡೋಕೆ ಯಾರು ತಯಾರಿದ್ದೀರಿ ಅಂತ ಕೇಳಿದ್ದರು.

"ಚಪ್ಪಾಳೆ ತಟ್ಟಿದ್ರು ಮಾರಾಯ" ಅಂದ ವಿಶ್ವ.

"ತಟ್ಟದೆ ಏನು? ಅವರಿಗೂ ಹೆಜ್ಜೆ ಬೇಕಲ್ಲ" ಅಂದ ರಾಗಣ್ಣ.

ಸ್ವಲ್ಪ ಹೊತ್ತು ಮಾತು ಎಲ್ಲೆಲ್ಲಿಗೋ ಹೋಯಿತು. ಮಕ್ಕಳು, ಅವರ ರೂಮು, ರೂಮಿನ ಬಾಗಿಲು, ಬಾಗಿಲಾಚೆ ನಿಂತು ಊಟಕ್ಕೆ ಬಾ ಅಂತ ಫೋನಿನಲ್ಲಿ ಮೆಸೇಜ್ ಹಾಕುವ ತಾಯಂದಿರು. ಮೂರ್ತಿಗೆ ಇದ್ಯಾವುದಕ್ಕೂ ಇಸವಿ ಸಿಗಲಿಲ್ಲ, ಸುಮ್ಮನಿದ್ದ.

"ಮೊದಲು ಮನೇಲಿ ಯಾರು ಎಲ್ಲಿದ್ದಾರೆ ಅಂತ ಕಿವಿಗೇ ಗೊತ್ತಾಗ್ತಿತ್ತು" ಅಂದ ರಾಗಣ್ಣ. "ಮಗಳು ಮೆಟ್ಟಿಲನ್ನ ಎರಡೆರಡು ಹಾರಿ ಇಳಿಯೋಳು. ಮಗ ಕೊನೇ ಮೂರು ಮೆಟ್ಟಿಲು ಬಿಟ್ಟು ಧುಮುಕೋನು. ನಿಧಾನ ಕಣ್ರೋ ಅಂತ ಕೂಗಿ ಕೂಗಿ ಸಾಕಾಗಿತ್ತು. ಈಗ ಎಲ್ಲರೂ ನಿಧಾನ. ಹೆಜ್ಜೆ ಸಪ್ಪಳಾನೇ ಇಲ್ಲ, ಹೆಜ್ಜೆ ಲೆಕ್ಕ ಮಾತ್ರ ಬರುತ್ತೆ."

"9,870."

"ಅದಿರಲಿ ರಾಗಣ್ಣ, ನೀನು ದಿನಾ ಬಸ್ ಸ್ಟಾಪಿಗೆ ನಡೀತೀಯ, ಇಲ್ಲಿಗೂ ನಡೆದೇ ಬರ್ತೀಯ. ನಾಲ್ಕನೇ ರ‍್ಯಾಂಕು ಹೇಗಪ್ಪಾ? ನಡೆಯುವಾಗ ಕೈ ಎಲ್ಲಿಟ್ಟಿರ್ತೀಯ?" ಮೂರ್ತಿ ಪತ್ತೇದಾರನಂತೆ ಕೇಳಿದ.

"ಇನ್ನೆಲ್ಲಿ, ಬೆನ್ನ ಹಿಂದೆ ಕಟ್ಕೊಂಡಿರ್ತೀನಿ."

"ಅಷ್ಟೇ. ಕೈ ಆಡಲಿಲ್ಲ ಅಂದ್ರೆ ವಾಚಿನ ಪಾಲಿಗೆ ನೀನು ನಡೆದೇ ಇಲ್ಲ. ಅಂಗಡೀಲಿ ಟ್ರಾಲಿ ತಳ್ಳಿದರೂ ಹಾಗೇ. ಕೂಸನ್ನ ಎತ್ಕೊಂಡು ಓಡಾಡಿದರೂ ಹಾಗೇ."

ರಾಗಣ್ಣ ತಟ್ಟನೆ ಬಾಯಿಗೆ ಬಂದದ್ದನ್ನು ನುಂಗಿಕೊಂಡವನಂತೆ ಸುಮ್ಮನಾದ. ಅವನು ಸುಮ್ಮನಾಗುವುದು ಅಪರೂಪ. ಸೀನ ಕೂಡ ಕಾಲು ನಿಧಾನ ಮಾಡಿದ.

"ಮಗಳಿಗೆ ಈಗ ಹದಿನೇಳು" ಅಂದ ಆಮೇಲೆ. "ಹುಟ್ಟಿದ ಮೂರು ತಿಂಗಳು ರಾತ್ರಿ ಅಂದ್ರೆ ಅಳು. ಎತ್ಕೊಂಡು ಓಡಾಡ್ತಿದ್ರೆ ಮಾತ್ರ ಸುಮ್ಮನಿರೋಳು. ಹಾಲಿನ ಬಾಗಿಲಿಂದ ಅಡುಗೆಮನೆ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ, ಅಲ್ಲಿಂದ ವಾಪಸ್ ಹನ್ನೊಂದು. ನಡುವೆ ಒಂದು ಟೈಲ್ಸ್ ಸಡಿಲವಾಗಿತ್ತು, ತುಳಿದರೆ ಟಕ್ ಅನ್ನೋದು, ಇವಳು ಎಚ್ಚರ. ಅದನ್ನ ದಾಟಿ ಕಾಲಿಡಬೇಕು. ಬೆಳಗಿನ ನಾಲ್ಕರವರೆಗೂ ಹೀಗೇ. ಎರಡೂ ಕೈ ಅವಳ ಅಡಿ, ಬೆರಳೂ ಅಲ್ಲಾಡಿಸೋ ಹಾಗಿಲ್ಲ."

"ಅಂದ್ರೆ ಲೆಕ್ಕಕ್ಕೆ ಸೊನ್ನೆ" ಅಂದ ಮೂರ್ತಿ, ಮೆಲ್ಲಗೆ.

"ಸೊನ್ನೆ. ಟೈಲ್ಸ್ ಹಾಗೇ ಇದೆ. ಸರಿ ಮಾಡಿಸೋಣ ಅಂತ ಪ್ರತಿ ವರ್ಷ ಅಂದ್ಕೊಳ್ತೀವಿ. ರಾತ್ರಿ ನೀರು ಕುಡಿಯೋಕೆ ಎದ್ರೆ ನಾನು ಈಗಲೂ ದಾಟಿಯೇ ಕಾಲಿಡೋದು. ಅವಳು ಮಹಡಿ ಮೇಲೆ, ಬಾಗಿಲು ಹಾಕ್ಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಎಚ್ಚರವಾಗೇ ಇರ್ತಾಳೆ."

ಸೀನ ಬಂದು ಬೆಂಚಿನ ತುದಿಗೆ ಕೂತ. ವಾಚು 9,991 ತೋರಿಸುತ್ತಿತ್ತು. ಅವನು ಅದನ್ನು ನೋಡಿದ, ನೋಡದವನಂತೆ ಇದ್ದ.

ರಾಗಣ್ಣನ ಫೋನು ಟಿಂಗ್ ಅಂದಿತು. ಕನ್ನಡಕ ಹಣೆಗೇರಿಸಿ, ಫೋನನ್ನು ಮೊಳದುದ್ದ ದೂರ ಹಿಡಿದು ಓದಿದ. "ಮಗಳು."

"ಏನಂತೆ?"

"'ಅಪ್ಪ, ಒಂದು ಗಂಟೆಯಿಂದ 2,140ರಲ್ಲೇ ನಿಂತಿದ್ದೀಯ. ಏನಾಯ್ತು?' ಅಂತ." ಇನ್ನೊಮ್ಮೆ ಓದಿದ. "ನೋಡ್ತಾ ಕೂತಿದ್ದಾಳೆ ಕಣ್ರೋ."

ಫೋನು ಜೇಬಿಗಿಟ್ಟು ಎದ್ದ. ಅಭ್ಯಾಸಬಲಕ್ಕೆ ಕೈಗಳು ಬೆನ್ನ ಹಿಂದೆ ಹೋದವು, ನಾಲ್ಕು ಹೆಜ್ಜೆ ಆದ ಮೇಲೆ ಏನೋ ನೆನಪಾಗಿ ಮುಂದೆ ಬಂದವು. ಆಮೇಲೆ ನೋಡಬೇಕಿತ್ತು, ಕವಾಯತಿನ ಹುಡುಗನ ಹಾಗೆ ಎರಡೂ ಕೈ ಬೀಸಿಕೊಂಡು ಗೇಟಿನತ್ತ ಹೊರಟ.

"ಲೋ ಸೀನ, ನಿನಗಿನ್ನೂ ಒಂಬತ್ತು ಬಾಕಿ" ಅಂದ ಮೂರ್ತಿ. ಬಾಕಿ ಉಳಿದ ಲೆಕ್ಕ ಅವನಿಗೆ ಸಹಿಸದು.

"ತಡಿ" ಅಂದ ಸೀನ. ಕೂತಲ್ಲಿಂದಲೇ ವಾಚಿನ ಕೈ ಎತ್ತಿ ರಾಗಣ್ಣನ ಬೆನ್ನಿಗೆ ಟಾಟಾ ಮಾಡತೊಡಗಿದ. ರಾಗಣ್ಣ ಗೇಟು ದಾಟಿದ, ತಿರುವು ದಾಟಿದ. ಇವನ ಟಾಟಾ ನಿಲ್ಲಲಿಲ್ಲ, ವಾಚು ಗುಂಯ್ ಅನ್ನುವವರೆಗೆ.