ಮಗಳ ಮಾಂಟೂ ಟೆಸ್ಟ್ 14 ಮಿ.ಮೀ. ಬಂದಿದೆ, ಅನುಭವ ಇದ್ದವರು ಹೇಳಿ

ತುಮಕೂರಿನ ತಾಯಿಯ ಪ್ರಶ್ನೆ:
ನಮ್ಮ ಮಾವನವರ ಕಫ ಪರೀಕ್ಷೆಯಲ್ಲಿ ಟಿಬಿ ಬಂದಿದೆ. ಎಲ್ಲರೂ ಒಂದೇ ಮನೆಯಲ್ಲಿ ಇದ್ದೇವೆ. ನಾಲ್ಕು ವರ್ಷದ ಮಗಳಿಗೆ ಮಾಂಟೂ (ಟಿಬಿ ಸೋಂಕು ತಗುಲಿದೆಯಾ ಅಂತ ಕೈಗೆ ಚುಚ್ಚಿ ನೋಡುವ ಚರ್ಮದ ಟೆಸ್ಟ್) ಮಾಡಿಸಿದಾಗ ಉಬ್ಬು 14 ಮಿ.ಮೀ. ಬಂತು, ಪಾಸಿಟಿವ್ ಅಂದರು. ಅವಳಿಗೆ ಕೆಮ್ಮು, ಜ್ವರ ಏನೂ ಇಲ್ಲ. ನೆಂಟರು "ಟಿಬಿಯ ಬಿಸಿಜಿ ಲಸಿಕೆ ಹಾಕಿಸಿದವರಿಗೆಲ್ಲ ಹಾಗೇ ಬರುತ್ತೆ, ಸುಮ್ನಿರಿ" ಅನ್ನುತ್ತಾರೆ. ಸುಮ್ಮನಿರಬಹುದಾ?

ಹುಬ್ಬಳ್ಳಿಯಿಂದ, ಇಬ್ಬರು ಮಕ್ಕಳ ತಾಯಿ:
ಅಕ್ಕಾ, ಹೆದರಬೇಡಿ, ಆದರೆ ಸುಮ್ಮನೂ ಇರಬೇಡಿ. ನಮ್ಮ ಅತ್ತೆಗೆ ಟಿಬಿ ಬಂದಾಗ ನನ್ನ ಮಗನಿಗೂ ಪಾಸಿಟಿವ್ ಬಂದಿತ್ತು. ರೋಗಾಣು ಮೈಯೊಳಗೆ ಹೊಕ್ಕಿರಬಹುದು, ಅಷ್ಟಕ್ಕೇ ಕಾಯಿಲೆ ಬಂದಿದೆ ಅಂತಲ್ಲ ಎಂದು ಮಕ್ಕಳ ಡಾಕ್ಟರ್ ಬಿಡಿಸಿ ಹೇಳಿದರು. ಎದೆಯ ಎಕ್ಸ್‌ರೇ ತೆಗೆಸಿದರು, ತೂಕ ನೋಡಿದರು, ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಮುಟ್ಟಿ ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಕಾಯಿಲೆ ಬಾರದ ಹಾಗೆ ಐಸೋನಿಯಾಜಿಡ್ ಮಾತ್ರೆ ಕೊಟ್ಟರು, ದಿನಾ ಒಂದು ಸಲ, 6 ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಕ್ಕಿತು. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ದಿನಾ ಮಾತ್ರೆ ಕೊಡಲು ಮನಸ್ಸು ಬರುವುದಿಲ್ಲ. ಆದರೂ ನಡುವೆ ನಿಲ್ಲಿಸಬೇಡಿ. ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ತಕ್ಷಣ ಡಾಕ್ಟರ್ ಹತ್ತಿರ ಓಡಿ.

ಅಮೆರಿಕದಿಂದ:
ನನಗೂ ಇಲ್ಲಿ ಆಸ್ಪತ್ರೆ ಕೆಲಸಕ್ಕೆ ಸೇರುವಾಗ ಚರ್ಮದ ಟೆಸ್ಟ್ ಪಾಸಿಟಿವ್ ಬಂತು. ಇಗ್ರಾ ಅನ್ನುವ ರಕ್ತ ಪರೀಕ್ಷೆ ಮಾಡಿದರು, ನೆಗೆಟಿವ್. ಬಿಸಿಜಿ ಲಸಿಕೆಯಿಂದ ಅದು ಏರುಪೇರಾಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಟಿಬಿ ಇರಲಿಲ್ಲ. ನಿಮ್ಮದು ಬೇರೆ.

ಮೈಸೂರಿನಿಂದ, ಸ್ಟಾಫ್ ನರ್ಸ್:
ಹೌದು, ಬೇರೆಯೇ. ಬಿಸಿಜಿಯಿಂದ ಮಾಂಟೂ ಪಾಸಿಟಿವ್ ಬರಬಹುದು, ಅದು ನಿಜ. ಆದರೆ ಮನೆಯಲ್ಲೇ ಕಫದ ಟಿಬಿ ಇರುವಾಗ ಐದು ವರ್ಷದೊಳಗಿನ ಮಗುವಿನ 14 ಮಿ.ಮೀ. ಅನ್ನು ಬಿಸಿಜಿ ತಲೆಗೆ ಕಟ್ಟಬಾರದು. ಈ ವಯಸ್ಸಿನಲ್ಲಿ ಕಾಯಿಲೆ ಬೇಗ ಏಳುತ್ತದೆ, ಮೆದುಳಿಗೂ ಹೋಗಬಹುದು.

ಅಳತೆ ಹೇಗೆ ಮಾಡಿದರು ಅಂತಲೂ ಕೇಳಿ. 48ರಿಂದ 72 ಗಂಟೆಯೊಳಗೆ ನೋಡಬೇಕು. ಕೆಂಪಾಗಿದ್ದು ಲೆಕ್ಕಕ್ಕಿಲ್ಲ. ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು ಮಾತ್ರ, ಕೈಯ ಅಡ್ಡಕ್ಕೆ ಸ್ಕೇಲ್ ಇಟ್ಟು ಅಳೆಯಬೇಕು. ನಮ್ಮಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಪಾಸಿಟಿವ್, ಎಚ್‌ಐವಿ ಇದ್ದವರಿಗೆ 5. ನೆಗೆಟಿವ್ ಬಂದರೂ ನಿಶ್ಚಿಂತೆ ಅಲ್ಲ. ತೀರಾ ಸೊರಗಿದ ಮಗುವಿನಲ್ಲಿ, ದಡಾರ ಆದ ಹೊಸದರಲ್ಲಿ ಸೋಂಕಿದ್ದರೂ ಉಬ್ಬು ಏಳದಿರಬಹುದು.

ಡಾಕ್ಟರ್ ಹತ್ತಿರ ಹೋಗುವಾಗ ಮಾವನವರ ಕಫದ ರಿಪೋರ್ಟ್ ಮರೆಯದೆ ಒಯ್ಯಿರಿ. ಅವರದು ಔಷಧಿಗೆ ಬಗ್ಗದ ಟಿಬಿ ಆಗಿದ್ದರೆ ಮಗುವಿಗೆ ಕೊಡುವ ಮಾತ್ರೆಯೂ ಬದಲಾಗುತ್ತದೆ. ಮನೆಯ ಉಳಿದವರೂ ತೋರಿಸಿಕೊಳ್ಳಿ. ಮಾವನವರ ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಟಿಬಿ ಗಾಳಿಯಲ್ಲಿ ಹರಡುತ್ತದೆ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಅನುಮಾನ ಇದ್ದರೆ ಸರ್ಕಾರದ ಟಿಬಿ ಸಹಾಯವಾಣಿ ನಿಕ್ಷಯ್, 1800-11-6666ಕ್ಕೆ ಕರೆ ಮಾಡಿ.